ಗುರು ಉಗುಳಿದ, ನಾನು ನಕ್ಕೆ

ಶನಿವಾರ ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷಕ್ಕೆ ನಾನೊಂದು ಜೋಕು ಮಾಡಿದೆ.

ಒಳ್ಳೆಯ ಜೋಕೇ. ಇಡೀ ಟೇಬಲ್ಲು ನಕ್ಕಿತು. ನಿಮಿಷದ ಸಮೇತ ಹೇಗೆ ನೆನಪಿದೆ ಎಂದರೆ, ನನ್ನ ಮಗಳು ಅದನ್ನು ನನ್ನ ಫೋನಿನಲ್ಲಿ ವಿಡಿಯೋ ಮಾಡಿದ್ದಾಳೆ. ಆ ಪುಟ್ಟ ವಿಡಿಯೋವನ್ನು ಅವತ್ತಿನಿಂದ ಎಷ್ಟು ಸಲ ನೋಡಿದೆನೋ. (ನೋಡಿದಷ್ಟೂ ಜೋಕು ಸಣ್ಣದಾಗುತ್ತದೆ, ನನ್ನ ಬಾಯಿ ದೊಡ್ಡದಾಗುತ್ತದೆ.)

ಈ ವಾರ ಈ ಜಾಗದಲ್ಲಿ ನೀವು ಓದಬೇಕಾಗಿದ್ದದ್ದು ಆಲ್ಪ್ಸ್ ಬೆಟ್ಟಗಳ ವೈನಿನ ಪರಿಚಯ. 'ಕ್ಯಾಲಿಫೋರ್ನಿಯಾದಲ್ಲಿದ್ದೀರಿ, ವೈನಿನ ಬಗ್ಗೆ ಒಂದಾದರೂ ಬರೆಯಬಾರದೇ' ಎಂದು ಒಂದಿಬ್ಬರು ಓದುಗರು ಕೇಳಿದ್ದರು. ಆಯಿತು ಎಂದು ನಾನು ಒಂದು ಟೇಸ್ಟಿಂಗ್ ಕ್ಲಾಸು ಹುಡುಕಿದೆ. ನಮ್ಮ ಕನ್ನಡದ ಗುಂಪನ್ನೂ ಎಬ್ಬಿಸಿದೆ. ಹಾಗಾಗಿ ಈ ಕಥೆಗೆ ನೀವೂ ಸ್ವಲ್ಪ ಹೊಣೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ತಪ್ಪಿಸಿಕೊಳ್ಳುವುದು ಈಗ ಸಾಕಾಗಿದೆ.

ಗುರುರಾಜ ನಮ್ಮ ಗುಂಪಿನವನು. ಊರು ವಿಜಯಪುರ, ಮನೆ ಕ್ಯಾಂಪ್‌ಬೆಲ್ಲು, ಕೆಲಸ ಚಿಪ್ ಟೆಸ್ಟಿಂಗು. ನನ್ನನ್ನು ಅಕ್ಕ ಎನ್ನುತ್ತಾನೆ. ಮಾತು ಕಡಿಮೆ. ಪಿಕ್ನಿಕ್ಕಾದರೆ ಎಲ್ಲರೂ ಹೋದ ಮೇಲೆ ಉಳಿದು ಕಸದ ಚೀಲಕ್ಕೆ ಗಂಟು ಹಾಕುವವನು ಅವನೇ. ಅವನ ತಾಯಿ ಕಮಲವ್ವ ಆರು ತಿಂಗಳಿಗೆಂದು ಬಂದಿದ್ದಾರೆ. ನಾವೆಲ್ಲ ಅವರನ್ನು ಅವ್ವ ಎಂದೇ ಕರೆಯುವುದು. ಇನ್ನು ನನ್ನ ಮಗಳು ಇಂಚರ. ಹತ್ತು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ.

ಕ್ಲಾಸು ಇದ್ದದ್ದು ಲಿವರ್‌ಮೋರ್‌ನಲ್ಲಿ. ಅಲ್ಲಿಗೆ ಹೋಗುವ ನಮ್ಮವರ ಪದ್ಧತಿ ನಿಮಗೂ ಗೊತ್ತಿರಬಹುದು. ಗುಡ್ಡದ ಮೇಲೆ ದೇವಸ್ಥಾನ, ಕೆಳಗೆ ದ್ರಾಕ್ಷಿತೋಟ. ಬೆಳಗ್ಗೆ ತೀರ್ಥ, ಮಧ್ಯಾಹ್ನ ಟೇಸ್ಟಿಂಗು. ಒಂದೇ ಪೆಟ್ರೋಲಿನಲ್ಲಿ ಎರಡೂ ಆಗುತ್ತದೆ.

ಗಾಡಿ ಓಡಿಸುವವರು ಯಾರು? ಗುರು ತಾನೇ ಮುಂದೆ ಬಂದ. ಕ್ಯಾಂಪ್‌ಬೆಲ್‌ನಿಂದ ತಾಯಿಯನ್ನು ಕೂರಿಸಿಕೊಂಡು ಯೂನಿಯನ್ ಸಿಟಿಗೆ ಬಂದು ನನ್ನನ್ನೂ ಮಗಳನ್ನೂ ಹತ್ತಿಸಿಕೊಂಡ. (ನನ್ನ ಗಂಡನಿಗೆ ವೈನು ಬೇಡ, ಟೀವಿಯಲ್ಲಿ ಕ್ರಿಕೆಟ್ಟಿತ್ತು. ಗುರುವಿನ ಹೆಂಡತಿ ಸುಜಾತಾಗೆ ಆಸ್ಪತ್ರೆ ಡ್ಯೂಟಿ.) 'ಅಕ್ಕಾ, ನೀವು ಆರಾಮ ಕುಡೀರಿ, ನಾ ಗಾಡಿ ಹೊಡೀತೀನಿ' ಎಂದ. ಟೇಸ್ಟಿಂಗಿನಲ್ಲಿ ವೈನನ್ನು ಬಾಯಲ್ಲಿ ಆಡಿಸಿ ಉಗುಳಬಹುದು, ಅದು ಅಲ್ಲಿನ ಕ್ರಮವೇ ಎಂದು ಅವನು ಮೊದಲೇ ಓದಿಕೊಂಡು ಬಂದಿದ್ದ. ತಾಯಿಗೂ ಅದನ್ನೇ ಹೇಳಿದ್ದ. ನುಂಗುವುದಿಲ್ಲ ಅವ್ವಾ, ಉಗುಳುತ್ತೇನೆ.

ಅವ್ವ ಅದನ್ನು ಒಪ್ಪಿಕೊಂಡೇ ಬಂದಿದ್ದರು. ದ್ರಾಕ್ಷಿತೋಟ ನೋಡುವ ಆಸೆ ಅವರಿಗೆ ನಮ್ಮೆಲ್ಲರಿಗಿಂತ ಹೆಚ್ಚು. ತವರಿನಲ್ಲಿ ದ್ರಾಕ್ಷಿ ಬೆಳೆದು ಒಣಗಿಸಿದವರು. ಇಲ್ಲಿಯ ಸಾಲುಗಳನ್ನು ನೋಡಿದ ಕೂಡಲೇ, ಇಷ್ಟು ಕುಳ್ಳ ಬಳ್ಳಿ ಇಟ್ಟುಕೊಂಡು ಇವರು ಏನು ಬೆಳೆಯುತ್ತಾರೋ ಎಂದು ಬೇಸರ ಮಾಡಿಕೊಂಡರು.

ಹೇಳಿಕೊಡುತ್ತಿದ್ದಾಕೆ ಬೆಳ್ಳಿಕೂದಲಿನ ಅಮೆರಿಕನ್ ಹೆಂಗಸು. ಅವತ್ತಿನ ವಿಷಯ ಸವೋಯ್. ಫ್ರಾನ್ಸಿನ ಪೂರ್ವದಲ್ಲಿ ಆಲ್ಪ್ಸ್‌ಗೆ ಒರಗಿಕೊಂಡಿರುವ ಸಣ್ಣ ಸೀಮೆ. ಅಲ್ಲಿಯ ವೈನಿನಲ್ಲಿ ಬಹುಪಾಲನ್ನು ಅಲ್ಲಿಯವರೂ ಹಿಮದಲ್ಲಿ ಜಾರಲು ಬಂದವರೂ ಕುಡಿದು ಮುಗಿಸುತ್ತಾರಂತೆ. ಹೊರಗೆ ಬರುವುದು ಕಡಿಮೆ. ಇಳಿಜಾರು ಎಷ್ಟೆಂದರೆ ಕೆಲವು ಕಡೆ ಯಂತ್ರ ನಿಲ್ಲುವುದಿಲ್ಲ, ಕೈಯಲ್ಲೇ ಕೊಯ್ಯಬೇಕು. ತಂಪು ಹವೆ, ಹಣ್ಣಿಗೆ ಸಿಹಿ ಕಡಿಮೆ, ಆದ್ದರಿಂದ ವೈನು ಹಗುರ.

ಮೊದಲ ಬಿಳಿ ವೈನು ಜಾಕೇರ್ ಎಂಬ ದ್ರಾಕ್ಷಿಯದು. ಬಣ್ಣ ಇದೆಯೋ ಇಲ್ಲವೋ ಎಂಬಷ್ಟು ತಿಳಿ. ಮೂಗಿಗೆ ನಿಂಬೆಸಿಪ್ಪೆ, ಒದ್ದೆ ಕಲ್ಲು. ಆ ಕಲ್ಲಿಗೊಂದು ಕಥೆ ಇದೆ. ನೂರಾರು ವರ್ಷಗಳ ಹಿಂದೆ ಅಲ್ಲಿ ಒಂದು ರಾತ್ರಿ ಇಡೀ ಬೆಟ್ಟದ ಮುಖವೇ ಕಳಚಿಕೊಂಡು ಕೆಳಗಿನ ಹಳ್ಳಿಗಳ ಮೇಲೆ ಬಿತ್ತು. ಮಲಗಿದ್ದವರು ಮಲಗಿದ್ದ ಹಾಗೆಯೇ ಹೋದರು. ಆ ಕಲ್ಲುರಾಶಿಯಲ್ಲಿ ಬೇರೇನೂ ಬೆಳೆಯದೆ ಕೊನೆಗೆ ದ್ರಾಕ್ಷಿ ಹಾಕಿದರು. ನಾವೀಗ ಕುಡಿಯುತ್ತಿರುವುದು ಅದನ್ನೇ.

ನನಗೆ ಆ ಕಥೆ ಬಹಳ ಹಿಡಿಸಿತು. ಅಂಕಣಕ್ಕೆ ಒಳ್ಳೆಯ ಓಪನಿಂಗು ಸಿಕ್ಕಿತು ಎಂದುಕೊಂಡೆ.

ಆಮೇಲೆ ಆಕೆ ಕ್ರಮ ತೋರಿಸಿದಳು. ನೋಡಿ, ಗ್ಲಾಸು ತಿರುಗಿಸಿ, ಮೂಸಿ. ಗುಟುಕು ತೆಗೆದುಕೊಂಡು ಗಾಳಿಯ ಜೊತೆ ಸೊರ್ರೆಂದು ಒಳಗೆಳೆಯಿರಿ. (ಸೊರ್ರೆನ್ನುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಇಲ್ಲಿಗೆ ಬಂದ ಮೇಲೆ ಸೊರ್ರೆನ್ನದೆ ಕಾಫಿ ಕುಡಿಯಲು ಕಲಿತದ್ದೇ ಕಷ್ಟ.) ಕೊನೆಗೆ, ಬೇಕಾದವರು ಉಗುಳಿ. ಟೇಬಲ್ಲಿನ ಮಧ್ಯೆ ಅದಕ್ಕೇ ಎಂದು ಒಂದು ಬಕೆಟ್ಟಿತ್ತು. ಡ್ರೈವ್ ಮಾಡುವವರು ದಯವಿಟ್ಟು ಉಗುಳಿ ಎಂದು ಎರಡು ಸಲ ಹೇಳಿದಳು. ತಾನೂ ಉಗುಳಿ ತೋರಿಸಿದಳು, ಪಿಚಕಾರಿಯ ಹಾಗೆ ನೇರವಾಗಿ.

ನಮ್ಮ ಟೇಬಲ್ಲಿನಲ್ಲಿ ಯಾರೂ ಬಕೆಟ್ಟಿನ ಕಡೆ ನೋಡಲಿಲ್ಲ. ಊಟದ ಜಾಗದಲ್ಲಿ, ಹತ್ತು ಜನರ ನಡುವೆ, ಎಲ್ಲರ ಎಂಜಲು ಬೀಳುವ ಪಾತ್ರೆ. ಅದಕ್ಕೆ ಬಾಗಿ ಉಗುಳುವುದೇ? ನಾವೋ, ಉಗುಳುವುದನ್ನು ಬಿಡಿಸಲೆಂದೇ ನಮ್ಮ ಊರಿನ ಗೋಡೆಗಳ ಮೇಲೆ ಬೋರ್ಡು ಬರೆಸಿದವರ ಮಕ್ಕಳು.

ಗುರು ಒಬ್ಬನೇ ಬಕೆಟ್ಟನ್ನು ತನ್ನ ಕಡೆ ಎಳೆದುಕೊಂಡ. ತಲೆ ಬಗ್ಗಿಸಿದ. ಉಗುಳಿದ. ಅಭ್ಯಾಸವಿಲ್ಲದ್ದರಿಂದ ಸ್ವಲ್ಪ ಗಡ್ಡದ ಮೇಲೆ ಇಳಿಯಿತು.

ಆಗ ನಾನು ಹೇಳಿದೆ. ಮೂರು ಹನ್ನೆರಡು.

"ಏನೋ ಗುರು, ಎಲೆಅಡಿಕೆ ಹಾಕ್ಕೊಂಡು ಬಂದಿದ್ದೀಯಾ? ಬಸ್‌ಸ್ಟ್ಯಾಂಡ್ ಮೂಲೆ ಇಲ್ಲಿಲ್ಲವಲ್ಲಪ್ಪ!"

ವಿಡಿಯೋದಲ್ಲಿ ಎಲ್ಲರೂ ನಗುವುದು ಕೇಳುತ್ತದೆ. ಯಾರೋ 'ಫೋಟೋ ತೆಗೀರಿ' ಎನ್ನುತ್ತಾರೆ. ಅವ್ವನೂ ಸೆರಗು ಬಾಯಿಗೆ ಹಿಡಿದು ನಗುತ್ತಾ 'ಥೂ, ಮಂದಿ ಮುಂದ ಹಿಂಗ ಉಗಳತಾರೇನೋ' ಎನ್ನುತ್ತಾರೆ. ಗುರು ಪೇಪರ್ ನ್ಯಾಪ್ಕಿನ್ನಿನಿಂದ ಗಡ್ಡ ಒರೆಸಿಕೊಳ್ಳುತ್ತಾನೆ. ಅವನೂ ನಗುತ್ತಾನೆ. ಕಿವಿ ಕೆಂಪಾಗಿದೆ. ಅವತ್ತು ನನಗೆ ಆ ಕಿವಿ ಕಾಣಿಸಲಿಲ್ಲ.

ಅವ್ವ ಇಂಚರಳ ಕೈ ಹಿಡಿದುಕೊಂಡು ಬಳ್ಳಿ ನೋಡಲು ಹೊರಗೆ ಹೋದರು. ಗುರು ಬಕೆಟ್ಟನ್ನು ಮೆಲ್ಲಗೆ ಟೇಬಲ್ಲಿನ ಮಧ್ಯಕ್ಕೆ ತಳ್ಳಿದ. ಆಮೇಲೆ ಅವನು ಒಂದು ಸಲವೂ ಉಗುಳಲಿಲ್ಲ.

ಚೀಸ್ ಬಂತು. ಅದೂ ಬೆಟ್ಟದ್ದೇ, ಆ ವೈನಿಗೆ ಜೋಡಿ. ಗುರು ಪಾಪ, ಇದರಲ್ಲಿ ಏನು ಹಾಕಿ ಹಾಲು ಒಡೆಸುತ್ತಾರೆ ಎಂದು ಕೇಳಿದ. ಆಕೆ ಪ್ರಾಮಾಣಿಕಳು. ಕರುವಿನ ಹೊಟ್ಟೆಯಿಂದ ತೆಗೆದದ್ದು ಎಂದಳು. ಹತ್ತು ಕೈಗಳು ಒಟ್ಟಿಗೆ ತಟ್ಟೆಯಿಂದ ಹಿಂದೆ ಸರಿದವು. ದೇವಸ್ಥಾನದ ಕ್ಯಾಂಟೀನಿನಲ್ಲಿ ಕ್ಯೂ ಉದ್ದವಿತ್ತೆಂದು ನಾವು ಊಟ ಬಿಟ್ಟು ಬಂದಿದ್ದೆವು. ಹೊಟ್ಟೆಯಲ್ಲಿ ಇದ್ದದ್ದು ಒಂದೊಂದು ಹಿಡಿ ಪುಳಿಯೋಗರೆ ಪ್ರಸಾದ. ಆಹಾರದ ವಿಷಯದಲ್ಲಿ ಅಷ್ಟು ಜಾಗ್ರತೆ ನಮ್ಮದು. ಚೀಸ್ ಬಿಟ್ಟೆವು, ವೈನು ಬಿಡಲಿಲ್ಲ.

ಪರಿಚಯ ಮುಗಿಸಿಬಿಡುತ್ತೇನೆ. ಜಾಕೇರ್ ಆದ ಮೇಲೆ ಆಲ್ಟೆಸ್ ಎಂಬ ಇನ್ನೊಂದು ಬಿಳಿ, ಜೇನಿನ ಛಾಯೆ, ಸ್ವಲ್ಪ ಗಟ್ಟಿ. ನಂತರ ಮೊಂಡ್ಯೂಸ್ ಎಂಬ ಕೆಂಪು. ನೇರಳೆ ಬಣ್ಣ, ಕರಿಮೆಣಸಿನ ವಾಸನೆ. ಗುರು 'ಮೆಣಸಿನ ಸಾರು ಇದ್ದಂಗದ' ಎಂದ. ಅವನು ಮಾತಾಡಿದ್ದೇ ಅಪರೂಪವೆಂದು ಮತ್ತೆ ಹೊಯ್ಯಿಸಿದೆವು. ಕೊನೆಗೆ ಜೆನೆಪಿ. ಅದು ವೈನಲ್ಲ, ಬೆಟ್ಟದ ಸೊಪ್ಪು ನೆನೆಹಾಕಿದ ಸ್ಪಿರಿಟ್ಟು. ಕಷಾಯದ ಹಾಗೆ ಕಹಿ, ಗಂಟಲಿನಲ್ಲಿ ಬಿಸಿ. ಗುರು ಗ್ಲಾಸು ಪಕ್ಕಕ್ಕಿಟ್ಟ. 'ಇದು ಔಷಧಿ ಕಣೋ' ಎಂದು ಅದನ್ನು ಅವನ ಕೈಗೆ ಕೊಟ್ಟವಳು ನಾನು.

ಪಾರ್ಕಿಂಗ್ ಲಾಟಿನಲ್ಲಿ ಅವನು ಯಾರದ್ದೋ ಬಿಳಿ ಕಾರಿನ ಮುಂದೆ ನಿಂತು ಕೀ ಒತ್ತುತ್ತಿದ್ದ. ಅವನ ಬಿಳಿ ಕಾರು ಆಚೆ ಸಾಲಿನಲ್ಲಿ ದೀಪ ಮಿಟುಕಿಸುತ್ತಿತ್ತು.

ನಾನು ನೋಡಿದೆ. ನೋಡಿ ಅದಕ್ಕೂ ನಕ್ಕೆ.

ನನಗೆ ಗೊತ್ತಾಗಲಿಲ್ಲ ಎಂದು ಹೇಳುವಂತಿಲ್ಲ. ನಾನೂ ಕುಡಿದಿದ್ದೆ, ಓಡಿಸುವಂತಿರಲಿಲ್ಲ. ಆದರೆ ನನ್ನ ಗಂಡ ಮನೆಯಲ್ಲೇ ಇದ್ದರು. ಒಂದು ಫೋನು ಮಾಡಿದ್ದರೆ ಬೈದುಕೊಂಡಾದರೂ ಬರುತ್ತಿದ್ದರು. ಗುಂಪಿನ ಉಳಿದವರು ಅಷ್ಟರಲ್ಲಿ ಹೊರಟಾಗಿತ್ತು. ಬಾಯಿ ತೆರೆಯಬೇಕಾದವಳು ನಾನೊಬ್ಬಳೇ. ತಾಯಿ ಪಕ್ಕದಲ್ಲಿ ನಿಂತಿರುವಾಗ ಮಗನಿಗೆ 'ನೀನು ಕುಡಿದಿದ್ದೀಯ, ಕೀ ಕೊಡು' ಎನ್ನುವುದು ಹೇಗೆ? ಅವನ ಮರ್ಯಾದೆ ಏನಾಗಬೇಕು? ಅವನ ಮರ್ಯಾದೆಯ ಬಗ್ಗೆ ನನಗೆ ಅಷ್ಟೊಂದು ಕಾಳಜಿ, ಹೊತ್ತಿಲ್ಲದ ಹೊತ್ತಿನಲ್ಲಿ.

ಫ್ರೀವೇ ಜಾಮಾಗಿದೆ ಎಂದು ಫೋನು ನೈಲ್ಸ್ ಕ್ಯಾನ್ಯನ್ ರಸ್ತೆ ತೋರಿಸಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ ಹಳ್ಳ. ಹೋಗಲೊಂದು ಲೇನು, ಬರಲೊಂದು ಲೇನು. ಹಾವಿನ ಹಾಗೆ ಹೊರಳುವ ರಸ್ತೆ. ಸೂರ್ಯ ಆಗತಾನೇ ಇಳಿದಿದ್ದ. ನಾನು ಮುಂದಿನ ಸೀಟಿನಲ್ಲಿದ್ದೆ. ಹಿಂದೆ ಅವ್ವ ಇಂಚರಳಿಗೆ ಕೈತಟ್ಟುವ ಆಟ ಹೇಳಿಕೊಡುತ್ತಿದ್ದರು.

ಒಂದು ತಿರುವಿನಲ್ಲಿ ಕಾರಿನ ಕೆಳಗೆ ಗರ್ರ್ ಎಂಬ ಸದ್ದಾಯಿತು. ಮಧ್ಯದ ಗೆರೆಯ ಮೇಲೆ, ನಿದ್ದೆ ಹತ್ತಿದವರನ್ನು ಎಬ್ಬಿಸಲು ಕೊರೆದಿರುತ್ತಾರಲ್ಲ, ಆ ಸದ್ದು. ನಾನು ಗುರುವನ್ನು ನೋಡಿದೆ. ಅವನು ರಸ್ತೆಯನ್ನೇ ನೋಡುತ್ತಿದ್ದ. ಕಣ್ಣು ತೆರೆದಿದ್ದವು. ಆದರೆ ಕಾರು ತಿರುಗುತ್ತಿರಲಿಲ್ಲ. ಗರ್ರ್ ಸದ್ದು ನಿಂತಿತು, ಏಕೆಂದರೆ ನಾವು ಆ ಗೆರೆಯನ್ನು ದಾಟಿ ಆಚೆ ಹೋಗಿದ್ದೆವು.

ಎದುರಿನಿಂದ ಬಂದ ಪಿಕಪ್ ಟ್ರಕ್ಕಿನ ಎರಡು ದೀಪ. ಹಾರ್ನು. ನಾನು 'ಗುರು' ಎಂದೆನೋ, ಅನ್ನಬೇಕೆಂದುಕೊಂಡೆನೋ. ಅವನು ಸ್ಟಿಯರಿಂಗನ್ನು ಪೂರ್ತಿ ಎಳೆದ. ಟ್ರಕ್ಕು ನಮ್ಮ ಎಡಗನ್ನಡಿಯನ್ನು ಕಿತ್ತುಕೊಂಡು ಹೋಯಿತು. ನಾವು ಹಳ್ಳದ ಕಡೆಗೆ ಹಾರಿ, ಗಾರ್ಡ್‌ರೈಲಿಗೆ ಉಜ್ಜಿಕೊಂಡು ಹೋಗಿ ನಿಂತೆವು. ಕಿಟಕಿಯಾಚೆ ಒಂದು ಮೊಳ ದೂರದಲ್ಲಿ ಕತ್ತಲೆ. ಕೆಳಗೆ ನೀರಿನ ಸದ್ದು ಕೇಳಿಸುತ್ತಿತ್ತು.

ಯಾರಿಗೂ ಏನೂ ಆಗಿರಲಿಲ್ಲ. ಟ್ರಕ್ಕು ನಿಲ್ಲಲಿಲ್ಲ. ಹಿಂದೆ ಕೈತಟ್ಟುವುದು ನಿಂತಿತ್ತು.

ಮೊದಲು ಮಾತಾಡಿದ್ದು ಅವ್ವ. ದನಿ ಏರಿಸಲಿಲ್ಲ.

"ಗುರು, ಗಾಡಿ ಬಂದ್ ಮಾಡು. ಕೀಲಿ ಇಲ್ಲಿ ಕೊಡು."

ಅವನು ಕೊಟ್ಟ. ಅವ್ವ ಅದನ್ನು ಸೆರಗಿನ ಚುಂಗಿನಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡರು. 'ಉಗಳತೀನಿ ಅಂತ ನನಗ ಮಾತು ಕೊಟ್ಟಿದ್ದೆಲ್ಲೋ' ಎಂದು ಒಂದೇ ಸಲ ಕೇಳಿದರು. ಗುರು ಸ್ಟಿಯರಿಂಗನ್ನೇ ನೋಡಿದ. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ನಾನು ಹೇಳಬೇಕಾದ ಕ್ಷಣ ಅದು. ನಾನು ಫೋನಿನಲ್ಲಿ ಸಿಗ್ನಲ್ ಹುಡುಕುತ್ತಿದ್ದೆ.

ಸಿಗ್ನಲ್ ಸಿಕ್ಕ ಮೇಲೆ ಫೋನು ಮಾಡಿದೆ; ನನ್ನ ಗಂಡ ಬಂದು, ಕಾರನ್ನು ಟೋ ಗಾಡಿಗೆ ಒಪ್ಪಿಸಿ, ನಮ್ಮನ್ನೆಲ್ಲ ಕರೆದುಕೊಂಡು ಹೋದರು. ಮನೆಯಲ್ಲಿ ಇಂಚರ ಹಲ್ಲುಜ್ಜುತ್ತಾ ನಿಂತವಳು ಬೇಸಿನ್ನಿಗೆ ಉಗುಳಿ, ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ ಕೇಳಿದಳು:

"ಅಮ್ಮಾ, ವೈ ಡಿಡ್ ಯೂ ಮೇಕ್ ಫನ್ ಆಫ್ ಗುರು ಅಂಕಲ್? ಹಿ ವಾಸ್ ಡೂಯಿಂಗ್ ಇಟ್ ರೈಟ್."

ಮಲಗು, ಲೇಟಾಯಿತು ಎಂದೆ. ಇದು ನನ್ನ ಉತ್ತರ.

ಅವತ್ತಿನಿಂದ ನಿದ್ದೆ ಕೆಟ್ಟಿತು. ಕಣ್ಣು ಮುಚ್ಚಿದರೆ ಗರ್ರ್ ಸದ್ದು. ಅದಕ್ಕಿಂತ ಭಯವಾಗುತ್ತಿದ್ದದ್ದು ಆ ಸದ್ದು ನಿಲ್ಲುವ ಗಳಿಗೆ. ಎದ್ದು ಹೋಗಿ ಮಗಳ ಹೊದಿಕೆ ಮುಟ್ಟಿ ಬರುತ್ತಿದ್ದೆ.

ಹಗಲಿನಲ್ಲಿ ಬೇರೆ ಕಥೆ ನಡೆಯುತ್ತಿತ್ತು. ಗುರು ಕುಡಿದು ಗಾಡಿ ಓಡಿಸಿದನಂತೆ, ತಾಯಿಯನ್ನು ಕೂರಿಸಿಕೊಂಡು, ಬೇರೆಯವರ ಮಗುವನ್ನು ಕೂರಿಸಿಕೊಂಡು. ಗುಂಪಿನ ಮೆಸೇಜುಗಳಲ್ಲಿ ಹಬ್ಬಲು ಎಷ್ಟು ಹೊತ್ತು? ಸೈಲೆಂಟಾಗಿ ಇರುವವರೇ ಹೀಗೆ ಎಂದರು. ಮುಂದಿನ ಪಿಕ್ನಿಕ್ಕಿಗೆ ಮಕ್ಕಳನ್ನು ಅವನ ಕಾರಿನಲ್ಲಿ ಕಳಿಸುವುದು ಬೇಡ ಎಂದರು. ಅದೇ ಜನ, ಅದೇ ಟೇಬಲ್ಲಿನಲ್ಲಿ ನಕ್ಕವರು. ಅವರಿಗೆ ನೆನಪಿಲ್ಲವೋ, ನೆನಪಿಟ್ಟುಕೊಳ್ಳುವುದು ಬೇಡವೋ. ನಾನು ಎಲ್ಲವನ್ನೂ ಓದಿದೆ, ಯಾವುದಕ್ಕೂ ಉತ್ತರ ಬರೆಯಲಿಲ್ಲ.

ಗುರು ನನಗೆ ಒಂದು ಮೆಸೇಜು ಮಾಡಿದ್ದ. 'ಅಕ್ಕಾ, ಇಂಚರಾನ ಮುಂದ ನನ್ನ ಮಾರಿ ತೋರಿಸಲಿಕ್ಕೆ ಆಗವಲ್ದು. ತಪ್ಪಾತು.' ಜೋಕಿನ ಮಾತೇ ಇಲ್ಲ. ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ನುಂಗಿದ್ದು ಅವನೇ, ಗಾಡಿ ಓಡಿಸಿದ್ದೂ ಅವನೇ. ಅದನ್ನು ಅವನು ಅಲ್ಲಗಳೆಯಲಿಲ್ಲ, ನಾನೂ ಅಲ್ಲಗಳೆಯುತ್ತಿಲ್ಲ. ಆದರೆ ಅವನು ಮನೆಯಿಂದ ಹೊರಟಾಗ ಸರಿಯಾಗಿದ್ದ. ದಾರಿ ತಪ್ಪಿಸಿದವರ ಲೆಕ್ಕ ಯಾರೂ ಕೇಳುತ್ತಿಲ್ಲ.

ಸುಜಾತಾ ಫೋನು ಮಾಡಿದಳು. ಅವ್ವ ಕೀಲಿಯನ್ನು ಇನ್ನೂ ಕೊಟ್ಟಿಲ್ಲವಂತೆ, ದೇವರ ಮುಂದೆ ಇಟ್ಟಿದ್ದಾರಂತೆ. ಗುರು ಬಸ್ಸು ಹಿಡಿದು ಆಫೀಸಿಗೆ ಹೋಗುತ್ತಾನೆ. ಅವ್ವ ಮಗನಿಗೆ ಊಟ ಬಡಿಸುತ್ತಾರೆ, ಮಾತಾಡುವುದಿಲ್ಲ. ಟಿಕೆಟ್ಟನ್ನು ಬೇಗನೆಯ ತಾರೀಖಿಗೆ ಬದಲಾಯಿಸಿ, ಊರಿಗೆ ಹೋಗುತ್ತೇನೆ ಎನ್ನುತ್ತಿದ್ದಾರೆ. ಸುಜಾತಾಳ ಅಳು ಫೋನಿನಲ್ಲಿ ಕೇಳಿಸಿತು. 'ಕುಡಿದದ್ದಕ್ಕಲ್ಲ ಅಕ್ಕ, ಸುಳ್ಳು ಹೇಳಿದ ಅಂತ ಅವರಿಗೆ. ಉಗಳತೀನಿ ಅಂತ ಹೇಳಿ ತಮ್ಮ ಮುಂದೆ ಒಂದು ಸಲ ಉಗುಳಿದ್ದೂ ತೋರಿಕೆಗೆ, ಮೊದಲಿಂದಲೂ ಕುಡಿಯೋ ಮನಸ್ಸೇ ಇತ್ತು ಅಂತ.'

ಸುಳ್ಳಲ್ಲ ಎಂಬುದಕ್ಕೆ ಸಾಕ್ಷಿ ನನ್ನ ಫೋನಿನಲ್ಲೇ ಇತ್ತು.

ಆ ವಾರ ಕಳೆದು ಬಂದ ಭಾನುವಾರ ಕ್ಯಾಂಪ್‌ಬೆಲ್‌ಗೆ ಹೋದೆ. ಇಂಚರಳೂ ಬಂದಳು. ಅವ್ವ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದರು. ಗುರು ಡೈನಿಂಗ್ ಟೇಬಲ್ಲಿನಲ್ಲಿ ಲ್ಯಾಪ್‌ಟಾಪಿನ ಹಿಂದೆ ಇದ್ದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಚಂದವಾಗಿ ಹೊಂದಿಸಿಕೊಂಡಿದ್ದೆ. (ಅಂಕಣ ಬರೆದು ಅಭ್ಯಾಸ.) ಅಲ್ಲಿ ನಿಂತಾಗ ಒಂದೂ ಬರಲಿಲ್ಲ. ಅವ್ವ, ಗುರು ಉಗುಳುತ್ತಿದ್ದ, ನಾನು ಅಣಕಿಸಿದೆ, ಆಮೇಲೆ ಅವನು ನಾಚಿಕೊಂಡು ನುಂಗಿದ, ಕೊನೆಯದನ್ನು ನಾನೇ ಅವನ ಕೈಗೆ ಕೊಟ್ಟೆ, ಅವನಿಗೆ ಓಡಿಸಲು ಆಗುವುದಿಲ್ಲವೆಂದು ಗೊತ್ತಿದ್ದೂ ಕಾರು ಹತ್ತಿದೆ ಎಂದೆ. ವಿಡಿಯೋ ತೋರಿಸಿದೆ.

ಅವ್ವ ಹಿಟ್ಟಿನ ಕೈಯನ್ನು ಹಾಗೆಯೇ ಹಿಡಿದುಕೊಂಡು ನೋಡಿದರು. ಮತ್ತೊಮ್ಮೆ ಹಚ್ಚು ಎಂದರು. ಎರಡನೆಯ ಸಲ ನೋಡುವಾಗ ಅವರ ಮುಖ ಬದಲಾಯಿತು. ವಿಡಿಯೋದಲ್ಲಿ ತಮ್ಮದೇ ದನಿ ಕೇಳಿಸಿಕೊಂಡರು.

"ನೀ ಒಬ್ಬಾಕಿನ ಅಲ್ಲವಾ," ಎಂದರು. "ನಾನೂ ನಕ್ಕೀನಿ. ನೀ ನಕ್ಕರ ಅಂವ ತಡಕೋತಿದ್ದ. ಹಡದಾಕಿ ನಕ್ಕಳಲ್ಲ, ಅದಕ್ಕ ನುಂಗಿದ."

ಗುರು ಲ್ಯಾಪ್‌ಟಾಪಿನ ಹಿಂದೆಯೇ ಇದ್ದ. ಭುಜ ಅಲುಗುತ್ತಿತ್ತು. ಇಂಚರ ಹೋಗಿ ಅವನ ಪಕ್ಕದ ಕುರ್ಚಿಯಲ್ಲಿ ಕುಳಿತಳು.

ಅವ್ವ ಕೈ ತೊಳೆದುಕೊಂಡು ಬಂದು ಟೇಬಲ್ಲಿನ ಮೇಲೆ ಒಂದು ಸ್ಟೀಲಿನ ತಂಬಿಗೆ ಇಟ್ಟರು. ಪಕ್ಕದಲ್ಲಿ ಒಂದು ಲೋಟ ನೀರು. ನಮಗಾರಿಗೂ ಅರ್ಥವಾಗಲಿಲ್ಲ.

"ಉಗಳೂದ ನೀರಾಗ ಕಲೀರಿ," ಎಂದರು. "ಮೊದಲ ನೀ."

ನನಗೆ. ಗುರು, ಸುಜಾತಾ, ನನ್ನ ಮಗಳು, ಎಲ್ಲರೂ ನೋಡುತ್ತಿದ್ದರು. ಬಾಯಿ ತುಂಬ ನೀರು ತುಂಬಿಕೊಂಡು ಬಗ್ಗಿದೆ. ಎಷ್ಟು ಕಷ್ಟ ಗೊತ್ತೇ, ಒಬ್ಬರು ನೋಡುತ್ತಿರುವಾಗ ಉಗುಳುವುದು? ಗಂಟಲು ತಾನಾಗಿಯೇ ಅರ್ಧ ನುಂಗಿಬಿಟ್ಟಿತು. ಉಳಿದದ್ದು ತಂಬಿಗೆಗೆ ಬೀಳದೆ ಅವರ ಟೇಬಲ್‌ಕ್ಲಾತಿನ ಮೇಲೆ ಬಿತ್ತು, ಗಲ್ಲದಿಂದ ಕುತ್ತಿಗೆಗೆ ಇಳಿಯಿತು.

ಯಾರೂ ನಗಲಿಲ್ಲ. ಗುರು ಎದ್ದು ಪೇಪರ್ ಟವೆಲ್ಲು ತಂದುಕೊಟ್ಟ.

ಹೊರಡುವಾಗ ದೇವರ ಮುಂದಿನ ಕೀಲಿ ಅಲ್ಲೇ ಇತ್ತು. ಆದರೆ ಟಿಕೆಟ್ಟಿನ ಮಾತು ಅವ್ವ ತೆಗೆಯಲಿಲ್ಲ. ಮಗನಿಗೆ 'ಇನ್ನೊಂದು ರೊಟ್ಟಿ ಹಾಕಲೇನು' ಎಂದು ಕೇಳಿದ್ದು ಬಾಗಿಲವರೆಗೆ ಕೇಳಿಸಿತು.

ಮನೆಗೆ ಬಂದು ಗುಂಪಿಗೂ ಬರೆದೆ, ಏನಾಯಿತೋ ಅಷ್ಟನ್ನೂ. ಈವರೆಗೆ ಇಬ್ಬರು ಉತ್ತರ ಕೊಟ್ಟಿದ್ದಾರೆ. ಒಬ್ಬರು ಕೈಮುಗಿದ ಎಮೋಜಿ ಹಾಕಿದ್ದಾರೆ, ಇನ್ನೊಬ್ಬರು ಆ ವೈನಿನ ಹೆಸರೇನು ಎಂದು ಕೇಳಿದ್ದಾರೆ.

ಆ ಭಾನುವಾರ ರಾತ್ರಿ ನಾನು ಬೆಳಗಿನವರೆಗೆ ಎಚ್ಚರವಾಗದೆ ಮಲಗಿದೆ. ಗುರುವಿಗೆ ನಿದ್ದೆ ಬಂತೇ? ಅದನ್ನು ಕೇಳಲು ನನಗಿನ್ನೂ ಮುಖವಿಲ್ಲ.